ಚಕ್ಕೆ ಬಿದ್ದ ನೆಲ

ಗುಂಡಿ ತೋಡಲು ಹೋಗಿದ್ದ ಸಣ್ಣತಿಮ್ಮಪ್ಪ ಒಂದು ಕಾಲನ್ನು ಎತ್ತಿಕೊಂಡು ಇನ್ನೊಂದರಲ್ಲಿ ಕುಪ್ಪಳಿಸುತ್ತ ಹಟ್ಟಿಗೆ ವಾಪಸು ಬಂದ. ಹೆಗಲ ಮೇಲೆ ಗುದ್ದಲಿ, ಕೈಯಲ್ಲಿ ಮೆಟ್ಟು, ಹಿಮ್ಮಡಿಯಲ್ಲಿ ರಕ್ತ. ಅಂಗಳದಲ್ಲಿ ಹೆಣದ ಸುತ್ತ ಕೂತು ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಅವನ ಕಾಲನ್ನೇ ನೋಡಿದರು.

"ಏನಾಯ್ತಲೇ?" ಎಂದ ಜುಂಜಯ್ಯ. ಹಟ್ಟಿಗೆ ಅವನೇ ಹಿರಿಯ. ಮದುವೆಯಾಗಲಿ ಮಣ್ಣಾಗಲಿ, ಅವನು ಹೇಳಿದ ಹಾಗೇ ನಡೆಯಬೇಕು.

"ಏನಾಗಾದು? ಹುಣಸೆಮರದ ಕೆಳಗೆ ಗುಂಡಿ ತೋಡಿ ಮುಗಿಸಿದ್ವಿ. ಕೈ ಮುಗಿಯಾಣ ಅಂತ ಮೆಟ್ಟು ಬಿಟ್ಟು ಒಂದು ಹೆಜ್ಜೆ ಇಟ್ಟೆ ನೋಡು, ಕಚಕ್ ಅಂತು. ಸತ್ರೂ ಬಿಡಲ್ಲ ಕಣಪ್ಪ ನಿಮ್ಮ ಪಾಲಣ್ಣ!"

ಯಾರೋ ಕಿಸಕ್ಕೆಂದರು. ಅದು ಒಬ್ಬರಿಂದ ಒಬ್ಬರಿಗೆ ಹಬ್ಬಿ, ತಮಟೆ ಕಾಯಿಸುತ್ತ ಕೂತಿದ್ದವರವರೆಗೂ ಹೋಯಿತು. ಯಾರಿಗೂ ತಪ್ಪೆನಿಸಲಿಲ್ಲ. ಪಾಲಣ್ಣ ಹಿಂದಿನ ರಾತ್ರಿ ಮುದ್ದೆ ಉಂಡು, ಸಾರಿಗೆ ಉಪ್ಪು ಕಡಿಮೆ ಎಂದು ಹೆಂಡತಿಯ ಕೈಲಿ ಬೈಸಿಕೊಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಎಪ್ಪತ್ತರ ಆಸುಪಾಸಿನ ಮನುಷ್ಯ. ಹಾಸಿಗೆ ಹಿಡಿಯಲಿಲ್ಲ, ಯಾರ ಕೈಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಯಲ್ಲದಕೆರೆ ಕಡೆಯಿಂದ ಬಂದ ನೆಂಟರು ಬೆಳಗಿನಿಂದ ಅತ್ತದ್ದಕ್ಕಿಂತ ಅವನ ಸುದ್ದಿ ತೆಗೆದು ನಕ್ಕದ್ದೇ ಹೆಚ್ಚು.

ಪಾಲಣ್ಣ ಕಲ್ಲಿನಲ್ಲಿ ಬಾಣದ ಮೊನೆ ಮಾಡುತ್ತಿದ್ದ. ಬಿಲ್ಲು ಹಿಡಿಯುವವರೇ ಇಲ್ಲದ ಕಾಲದಲ್ಲಿ, ಯಾರೂ ಕೇಳದೆ, ಯಾರಿಗೂ ಬೇಡದೆ, ಹೊಲದಾಚೆಯ ಹುಣಸೆಮರದ ಕೆಳಗೆ ಹನ್ನೆರಡು ವರ್ಷ ಕೂತು ಮಾಡಿದ. ಒಂದು ಮೊನೆಗೆ ಒಂದು ಬೊಗಸೆ ಚಕ್ಕೆ ಉದುರುತ್ತಿತ್ತು. ಬ್ಲೇಡಿನಷ್ಟು ಹರಿತವಾದ ಆ ಚಕ್ಕೆಗಳು ಮರದ ಸುತ್ತ ನೆಲ ಕಾಣದಂತೆ ಬಿದ್ದಿದ್ದವು. ಅತ್ತ ಕುರಿಗಳೂ ಸುಳಿಯುತ್ತಿರಲಿಲ್ಲ.

ಜುಂಜಯ್ಯ ಸಣ್ಣತಿಮ್ಮಪ್ಪನ ಕಾಲು ನೋಡಿ ತಲೆ ಕೆರೆದುಕೊಂಡ. "ಗುಂಡಿ ತೋಡೋರು ಮೆಟ್ಟು ಹಾಕ್ಕಂಡ್ರೆ ನಡೀತದೆ. ಹೆಣ ಹೊತ್ತೋರು ಹಾಕ್ಕಳಂಗಿಲ್ಲ. ಬರಿಗಾಲಾಗೆ ಅಲ್ಲಿಗೆ ಹೆಂಗೆ ಹೋಗಾದು?"

"ಅದಕ್ಕೇನು ಮಾವ, ರಸ್ತೆ ಮಗ್ಗುಲ ಹೊಲದಾಗೆ ಇನ್ನೊಂದು ಗುಂಡಿ ತೋಡಾಣ. ಮಣ್ಣು ಮೆತ್ತಗೈತೆ," ಎಂದ ಗಿರೀಶ. ಪಾಲಣ್ಣನ ಒಬ್ಬನೇ ಮಗ. ಹಿರಿಯೂರಿನಲ್ಲಿ ಬಸ್ ಕಂಡಕ್ಟರ್. ಯಾವ ತೊಡಕು ಬಂದರೂ ರೈಟ್ ಹೇಳಿ ಮುಂದೆ ಸಾಗುವುದು ಅವನ ಅಭ್ಯಾಸ.

ಹೆಣದ ತಲೆಯ ಬಳಿ ಕೂತಿದ್ದ ಪಾಲಣ್ಣನ ಹೆಂಡತಿ ಜಯಕ್ಕ ತಲೆ ಎತ್ತಿದಳು. ಬೆಳಿಗ್ಗೆ ಗುಂಡಿಗೆ ಜಾಗ ಹೇಳಿದವಳು ಅವಳೇ. "ಹುಣಸೆಮರದ ಕೆಳಗೇ ಆಗ್ಬೇಕು," ಎಂದಳು.

"ಯಾಕವ್ವ? ಅಪ್ಪ ಹಂಗೇನಾದ್ರೂ ಹೇಳಿತ್ತಾ?"

"ಅವರೇನೂ ಹೇಳಿಲ್ಲ. ಅಲ್ಲಿಗೆ ಅಟ್ಟಿದ್ದು ನಾನು. ಮನೆಯಿಂದ ಬೈದು ಅಟ್ಟಿದೆ. ಇವತ್ತು ಊರೆಲ್ಲ ಸೇರಿ, ತಮಟೆ ಹೊಡ್ಕಂಡು, ಮರ್ಯಾದೆಯಿಂದ ಅಲ್ಲಿಗೇ ಕರ್ಕಂಡು ಹೋಗ್ಬೇಕು. ಇಲ್ದಿದ್ರೆ ನನ್ನ ಜೀವಕ್ಕೆ ಸಮಾಧಾನ ಇಲ್ಲ."

* * *

ತೊಂಬತ್ತೆರಡನೇ ಇಸವಿಯಲ್ಲಿ ಪಾಲಣ್ಣ ಕುರಿ ಹಿಂದೆ ಓಡುವಾಗ ಬಂಡೆಯಿಂದ ಜಾರಿ ಕಾಲು ಮುರಿದುಕೊಂಡಿದ್ದ. ಕಾಲಿಗೆ ಬಿದಿರ ದಬ್ಬೆ ಕಟ್ಟಿಸಿಕೊಂಡು ಜಗಲಿಯ ಮೇಲೆ ಕೂತವನಿಗೆ ಹೊತ್ತು ಹೋಗಲಿಲ್ಲ. ಬಿದ್ದ ದಿನ ಗುಡ್ಡದ ಕೊರಕಲಿನಲ್ಲಿ ಕೈಗೆ ಸಿಕ್ಕಿದ್ದ ಒಂದು ಕಲ್ಲಿನ ಚೂರು ಕಂಬಳಿಯ ಗಂಟಿನಲ್ಲಿತ್ತು. ಬಿಚ್ಚಿ ನೋಡಿದ. ಬೆಬ್ಬೆರಳಿನಷ್ಟು ಉದ್ದ, ಬೇವಿನ ಎಲೆಯ ಹಾಗೆ ಎರಡು ಕಡೆ ಗರಗಸದಂಚು, ಚೂಪು ತುದಿ.

"ಇದನ್ನ ಯಾರೋ ಕೈಯಾಗೆ ಮಾಡ್ಯಾರೆ ಜಯಾ," ಎಂದ.

"ಮಾಡ್ಲಿ ಬಿಡು."

"ಕೈ ನಮಗೂ ಅವೆ."

ಅಲ್ಲಿಂದ ಶುರುವಾಯಿತು. ಗಿರೀಶನ ಕೈಲಿ ಬೆಣಚುಕಲ್ಲು, ಚಕಮಕಿ ಕಲ್ಲು ತರಿಸಿಕೊಂಡ. ಮೊದಲ ಮೂರು ತಿಂಗಳು ಬರೀ ಜಲ್ಲಿ. ಬಡಿದರೆ ಒಡೆಯುತ್ತಿತ್ತು, ಇನ್ನೂ ಬಡಿದರೆ ಪುಡಿಯಾಗುತ್ತಿತ್ತು. ಒಂದು ದಿನ ಬಡಿಯುವುದನ್ನು ಬಿಟ್ಟು ಒತ್ತಿ ನೋಡಿದ. ಗುಂಡುಕಲ್ಲಿನಿಂದ ಬಡಿದು ಎಬ್ಬಿಸಿದ ತೆಳ್ಳನೆಯ ಬಿಲ್ಲೆಯನ್ನು ತೊಡೆಯ ಮೇಲೆ ಹಳೇ ಚರ್ಮದಲ್ಲಿ ಹಿಡಿದು, ಮರದ ಹಿಡಿಗೆ ಸಿಕ್ಕಿಸಿದ ದಪ್ಪ ತಾಮ್ರದ ತಂತಿಯಿಂದ ಅದರ ಅಂಚನ್ನು ಬಲವಾಗಿ ಅದುಮಿದ. ಟಿಕ್ಕೆಂದಿತು. ಅಡಿಯಿಂದ ಉಗುರಿನಂಥ ಚಕ್ಕೆಯೊಂದು ಹಾರಿತು. ತಿರುಗಿಸಿ ಒತ್ತಿದ, ಇನ್ನೊಂದು ಹಾರಿತು. ಕಲ್ಲು ತಾನೇ ದಾರಿ ಬಿಡುತ್ತಿತ್ತು. ಪಾಲಣ್ಣ ಮುರಿದ ಕಾಲನ್ನು ಮರೆತು ಎದ್ದು ನಿಲ್ಲಲು ಹೋಗಿ ಜಗಲಿಯಿಂದ ಕೆಳಗೆ ಬಿದ್ದ.

ಮುರಿಯದೆ ಉಳಿದ ಮೊದಲನೇ ಮೊನೆಯನ್ನು ಅಂಗೈಯಲ್ಲಿಟ್ಟುಕೊಂಡು ಹೆಂಡತಿಯ ಮುಂದೆ ಹಿಡಿದ. ಜಯಕ್ಕ ಆಗ ಮುದ್ದೆ ಗಡಿಗೆ ತೊಳೆಯುತ್ತಿದ್ದಳು. ಮೊನೆ ತೆಗೆದುಕೊಂಡು ಗಡಿಗೆಯ ತಳ ಹತ್ತಿದ್ದನ್ನು ಕೆರೆದಳು. "ಪರವಾಗಿಲ್ಲ, ಚೆನ್ನಾಗಿ ಬರ್ತೈತೆ," ಎಂದಳು. ಅದಕ್ಕಿಂತ ದೊಡ್ಡ ಹೊಗಳಿಕೆ ಪಾಲಣ್ಣನಿಗೆ ಜನ್ಮದಲ್ಲಿ ಸಿಗಲಿಲ್ಲ.

ಹೊಗಳಿಕೆ ಬಹಳ ದಿನ ಬಾಳಲಿಲ್ಲ. ಒಂದು ಬೆಳಿಗ್ಗೆ ತುಂಬಿದ ಕೊಡ ಹೊತ್ತು ಬಂದ ಜಯಕ್ಕ ಅಂಗಳದಲ್ಲಿ ಚಕ್ಕೆ ತುಳಿದಳು. ಕೊಡ ಬಿತ್ತು, ನೀರು ಚೆಲ್ಲಿತು, ಕಾಲು ಸೀಳಿತು. ಹುಟ್ಟಿದಾಗಿನಿಂದ ಮೆಟ್ಟು ಹಾಕದ ಹೆಂಗಸು ಅವಳು.

"ಏಯ್ ಗಿರೀಶನಪ್ಪ, ನಿನಗೆ ಕಲ್ಲು ಬೇಕಾ, ಮನೆ ಬೇಕಾ? ಕಲ್ಲೇ ಬೇಕಂದ್ರೆ ಹೊಲದಾಚೆ ಆ ಹುಣಸೆಮರ ಐತಲ್ಲ, ಅಲ್ಲಿ ಹೋಗಿ ಕುಂತ್ಕ. ಮನೆತಾವ ಒಂದು ಚಕ್ಕೆ ಬಿದ್ರೂ ಅನ್ನ ಇಕ್ಕಲ್ಲ!"

ಪಾಲಣ್ಣ ಮರುಮಾತಾಡದೆ ಗುಂಡುಕಲ್ಲು, ಚರ್ಮ, ತಂತಿ ಎತ್ತಿಕೊಂಡು ಕುಂಟುತ್ತ ಹೊರಟ. ಅವನು ಜಗಳಕ್ಕೆ ನಿಂತಿದ್ದರೆ ಜಯಕ್ಕನಿಗೆ ಆಮೇಲೆ ಅಷ್ಟು ಸಂಕಟವಾಗುತ್ತಿರಲಿಲ್ಲ.

* * *

ಗಿರೀಶ ಪೊರಕೆ ಹಿಡಿದು ನಾಲ್ಕು ಜನರನ್ನು ಕಟ್ಟಿಕೊಂಡು ಹುಣಸೆಮರದತ್ತ ಹೋದ. ಇತ್ತ ಅಂಗಳದಲ್ಲಿ ಕಾಯುತ್ತ ಕೂತವರಿಗೆ ಜುಂಜಯ್ಯ ಕುಂಬಳಕಾಯಿಯ ಕತೆ ತೆಗೆದ.

"ನಿನ್ನ ಕಲ್ಲು ಬೆಣ್ಣೇಗೂ ನಾಟಲ್ಲ ಅಂದೆ ನಾನು. ಅಷ್ಟೇ ಅಂದಿದ್ದು. ಬಿದಿರಿನ ಬಿಲ್ಲು ಕಟ್ಕಂಡು ಬಂದು, ಜಯಕ್ಕನ ಮನೆ ಮಾಳಿಗೆ ಮ್ಯಾಲಿನ ಕುಂಬಳಕಾಯಿಗೆ ಗುರಿ ಇಟ್ಟ. ಬಾಣ ಸರಕ್ ಅಂತ ಒಳಗೋಯ್ತು. ಕಡ್ಡಿ ಕಿತ್ಕಂಡು ಬಂತು, ಮೊನೆ ಬರಲಿಲ್ಲ. ಮಾರನೇ ದಿನ ಇವಳು ಪಲ್ಯ ಮಾಡಿ ಉಣ್ಣಾಕೆ ಕರೆದ್ಲು. ಮೊದಲನೇ ತುತ್ತು ಬಾಯಿಗಿಟ್ಟೆ..."

ಜುಂಜಯ್ಯ ತುಟಿ ಎತ್ತಿ ಮುಂದಿನ ಹಲ್ಲಿಲ್ಲದ ಸಂದಿ ತೋರಿಸಿದ. ಅಂಗಳವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಅಣ್ಣಾ, ಅವತ್ತು ನೀನು ಹಲ್ಲು ಹೋದ್ರೂ ಪಲ್ಯ ಬಿಡಲಿಲ್ಲ," ಎಂದಳು ಜಯಕ್ಕ.

"ಪಲ್ಯ ಚೆನ್ನಾಗಿತ್ತವ್ವ!"

ಅಷ್ಟರಲ್ಲಿ ಗಿರೀಶ ಬೆವರಿಳಿಸುತ್ತ ಬಂದ. "ಆಗಲ್ಲ ಮಾವ. ಮ್ಯಾಲಿಂದು ಗುಡಿಸಿದ್ರೆ ಒಳಗಿಂದು ಏಳ್ತೈತೆ. ಅಷ್ಟು ವರ್ಷದ ಮಳೇಗೆ ಮಣ್ಣಾಗೆ ಕಲಸಿ ಹೋಗೈತೆ. ಟ್ರ್ಯಾಕ್ಟರಾಗೆ ಮಣ್ಣು ಹೊಡಿಸಾಣ ಅಂದ್ರೆ ಟ್ರ್ಯಾಕ್ಟರು ನಾಳೆಗಂಟ ಬರಲ್ವಂತೆ."

ಜುಂಜಯ್ಯ ಸೂರ್ಯನನ್ನು ನೋಡಿದ. "ಹೊತ್ತು ಮುಳುಗಾದ್ರಾಗೆ ಆಗ್ಬೇಕು. ಒಂದು ಕೆಲಸ ಮಾಡಾಣ. ಚಕ್ಕೆ ಎಲ್ಲಿ ಮುಗೀತದೋ ಆ ಅಂಚಿನಾಗೇ ಮಣ್ಣು ಮಾಡಾಣ. ಮರ ಕಾಣ್ತದೆ, ನೆಳ್ಳೂ ಬರ್ತದೆ. ಏನಂತೀಯ ಜಯಕ್ಕ?"

* * *

ಆ ಅಂಚು ಜಯಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ದಿನಾ ಮಧ್ಯಾಹ್ನ ಬುತ್ತಿ ತಂದು ನಿಲ್ಲುತ್ತಿದ್ದದ್ದು ಅಲ್ಲೇ. ಅಲ್ಲಿಂದ ಕೂಗಿದರೆ ಮರದ ಬುಡದಿಂದ ಪಾಲಣ್ಣ ಟೈರಿನ ಮೆಟ್ಟು ಸದ್ದು ಮಾಡುತ್ತ ಬರುತ್ತಿದ್ದ. ಇಬ್ಬರೂ ಅಂಚಿನಲ್ಲಿ ಕೂತು ಉಣ್ಣುತ್ತಿದ್ದರು. ಅವನು ಅಂದಂದಿನ ಮೊನೆ ತೋರಿಸುತ್ತಿದ್ದ. ಮುರಿದಿದ್ದರೆ "ಕಡೇ ಒತ್ತಿನಾಗೆ ಕೈಕೊಡ್ತು ನೋಡು" ಎಂದು, ಮಗು ತುಂಟತನ ಮಾಡಿತೆಂಬಂತೆ ನಗುತ್ತಿದ್ದ. ಉಳಿದಿದ್ದರೆ ಕೇಳಿದವರಿಗೆ, ಕೇಳದವರಿಗೆ ಕೊಟ್ಟುಬಿಡುತ್ತಿದ್ದ. ಹಟ್ಟಿಯ ಮಕ್ಕಳ ಉಡಿದಾರದಲ್ಲಿ ಅವನ ಮೊನೆ, ಹಿರಿಯೂರು ಬಸ್ಸಿನ ಡ್ರೈವರನ ಕನ್ನಡಿಗೆ ಅವನ ಮೊನೆ.

"ಮರದ ತಾವ ಒಂದು ಸಲ ಬಾರೆ. ಗಾಳಿ ಎಷ್ಟು ಚೆನ್ನಾಗಿ ಬೀಸ್ತೈತೆ ಅಂತೀಯ."

"ನಾನು ಮೆಟ್ಟು ಹಾಕೋಳಲ್ಲ. ನೆಲ ಗುಡಿಸು, ಬರ್ತೀನಿ."

"ನಾಳೆ ಗುಡಿಸ್ತೀನಿ."

"ನಿನ್ನ ನಾಳೆ ನನಗೆ ಗೊತ್ತಿಲ್ವಾ?"

ನಾಳೆ ಬರಲೇ ಇಲ್ಲ. ಬುತ್ತಿ ಮುಗಿದ ಮೇಲೆ ಅವನು ಮರದ ಕಡೆಗೆ, ಅವಳು ಮನೆಯ ಕಡೆಗೆ. ಹಿಂತಿರುಗಿ ನೋಡಿದಾಗಲೆಲ್ಲ ಜಯಕ್ಕನಿಗೆ ಮರದ ಅಡಿಯಲ್ಲಿ ಒಂಟಿಯಾಗಿ ಬಗ್ಗಿದ ಬೆನ್ನು ಕಾಣುತ್ತಿತ್ತು. ವಾಪಸು ಮನೆಗೇ ಬಂದು ಮಾಡು ಅನ್ನಬೇಕೆಂದು ಬಾಯಿತನಕ ಬರುತ್ತಿತ್ತು. ಆದರೆ ಬೈದವಳು ತಾನೇ ಅಲ್ಲವೇ, ಅನ್ನಲಿಲ್ಲ.

* * *

"ಅಂಚಿನಾಗೆ ಬ್ಯಾಡ," ಎಂದಳು ಜಯಕ್ಕ. "ಅಂಚಿನಾಗೆ ನಾನು ನಿಂತಿದ್ದು ಸಾಕು."

ಎದ್ದು ಒಳಗೆ ಹೋದಳು. ಹೊರಗೆ ಬರುವಾಗ ಅವಳ ಕೈಯಲ್ಲಿ ತಾನು ಹೊದೆಯುವ ಕರಿ ಕಂಬಳಿಯಿತ್ತು. ಅದನ್ನು ಜುಂಜಯ್ಯನ ಮುಂದೆ ನೆಲದ ಮೇಲೆ ಹಾಸಿದಳು.

"ಇದರ ಮ್ಯಾಲೆ ನಡೀರಿ."

"ಕಂಬಳಿ ತುಳಿಯಾದಾ?" ಗುಂಪಿನಲ್ಲಿ ಗುಜುಗುಜು ಎದ್ದಿತು. ದೇವರ ಗದ್ದುಗೆಗೆ ಹಾಸುವ ವಸ್ತು. ಜುಂಜಯ್ಯ ಹುಬ್ಬು ಗಂಟಿಕ್ಕಿದ.

"ಮದ್ವೇಲಿ ನಮ್ಮಿಬ್ರನ್ನೂ ಕಂಬಳಿ ಮ್ಯಾಲೇ ಕುಂಡ್ರಿಸಿದ್ರಿ ಅಣ್ಣಾ. ಹಾಸಿದವನು ನೀನೇ. ಅವತ್ತು ತಪ್ಪಾಗಲಿಲ್ಲ, ಇವತ್ತು ತಪ್ಪಾಗ್ತದಾ?"

ಜುಂಜಯ್ಯ ತನ್ನ ಹೆಗಲ ಕಂಬಳಿ ಎಳೆದು ಅವಳ ಕಂಬಳಿಯ ಮೇಲೆ ಒಗೆದ. "ನನ್ನ ಹಲ್ಲು ಕಿತ್ತೋನಿಗೆ ನನ್ನ ಕಂಬಳಿ ಬ್ಯಾರೆ! ಏನ್ ನೋಡ್ತಾ ನಿಂತೀರಲೇ, ತೆಗೀರಿ ನಿಮ್ಮವೂನೂ!"

ಹೆಗಲುಗಳಿಂದ ಕಂಬಳಿಗಳು ಇಳಿದವು. ಮನೆಗಳಿಂದ ಬಂದವು. ಹೆಣದ ಚಟ್ಟ ಚಕ್ಕೆಯ ಅಂಚು ತಲುಪುವ ಹೊತ್ತಿಗೆ ಗಿರೀಶ ಥೇಟ್ ಬಸ್ಸಿನೊಳಗಿನ ಗಂಟಲಿನಲ್ಲಿ ಕೂಗಿ ಎಲ್ಲರನ್ನೂ ಸಾಲಿಗೆ ನಿಲ್ಲಿಸಿದ. ಎರಡು ಮಡಿಕೆ ಮಾಡಿ ಹಾಸಿದರೆ ಅರ್ಧ ದಾರಿಗೂ ಸಾಲಲಿಲ್ಲ. ಮೆಟ್ಟು ಹಾಕಿಕೊಂಡವರು ಪಕ್ಕದಲ್ಲಿ ಓಡಾಡುತ್ತ, ಚಟ್ಟ ದಾಟಿದ ಕಂಬಳಿಯನ್ನು ಎಳೆದು ಮುಂದಕ್ಕೆ ತಂದು ಹಾಸಿದರು. ಹಾಸುವವರೆಗೆ ಚಟ್ಟ ನಿಲ್ಲುತ್ತಿತ್ತು, ತಮಟೆಯೂ ಅದೇ ಗತಿಗೆ ನಿಂತು ನಿಂತು ಮೊಳಗುತ್ತಿತ್ತು. "ಹೋಲ್ಡಾನ್! ರೈಟ್!" ಎಂದು ಗಿರೀಶ ಅಳುತ್ತಲೇ ಕೂಗುತ್ತಿದ್ದ. ಸಣ್ಣತಿಮ್ಮಪ್ಪ ಕಾಲಿಗೆ ಬಟ್ಟೆ ಕಟ್ಟಿಕೊಂಡು ತಮಟೆಯ ಮುಂದೆ ಕುಂಟುತ್ತಲೇ ಕುಣಿದ. ಪಾಲಣ್ಣ ಬದುಕಿದ್ದಾಗ ಮದುವೆಯ ದಿನ ಬಿಟ್ಟರೆ ಯಾರೂ ಅವನನ್ನು ಮೆರೆಸಿದ್ದಿಲ್ಲ.

ಚಟ್ಟದ ಹಿಂದೆ ಜಯಕ್ಕ ಬರಿಗಾಲಲ್ಲಿ ನಡೆದಳು. ಕಂಬಳಿಯ ಕೆಳಗೆ ಚಕ್ಕೆಗಳು ಕರಕರ ಅನ್ನುವುದು ಅಂಗಾಲಿಗೆ ಗೊತ್ತಾಗುತ್ತಿತ್ತು, ಚುಚ್ಚುತ್ತಿರಲಿಲ್ಲ.

ಮಣ್ಣು ಮುಚ್ಚಿ, ಮೇಲೆ ಹಾಲು ಬಿಟ್ಟದ್ದಾಯಿತು. ನಿಂತೇ ಇದ್ದ ಜಯಕ್ಕನನ್ನು ನೋಡಿ ಸಣ್ಣತಿಮ್ಮಪ್ಪ, "ಅಕ್ಕಾ, ಒಂದಿಷ್ಟು ಕುಂತ್ಕ. ಮರದ ಆ ಮಗ್ಗುಲಿಗೆ ಕಲ್ಲೈತೆ. ಬೆಳಿಗ್ಗೆ ನಾವು ಅಲ್ಲೇ ಬೀಡಿ ಸೇದಿದ್ವಿ. ಅದೊಂದು ಜಾಗ ಮಾತ್ರ ಏನೂ ಚುಚ್ಚಲ್ಲ," ಎಂದು ಅಲ್ಲಿಯವರೆಗೆ ಕಂಬಳಿ ಹಾಸಿಕೊಟ್ಟ.

ಜಯಕ್ಕ ಬೊಡ್ಡೆ ಬಳಸಿ ಹೋದಳು. ಪಾಲಣ್ಣ ಕೂರುತ್ತಿದ್ದ ಕಲ್ಲು ಕೂತು ಕೂತು ನುಣುಪಾಗಿತ್ತು. ಅದಕ್ಕೆದುರಾಗಿ, ಅಂಚಿನಿಂದ ಕಾಣದಂತೆ ಬೊಡ್ಡೆಯ ಮರೆಯಲ್ಲಿ, ಇನ್ನೊಂದು ಕಲ್ಲಿತ್ತು. ಸ್ವಲ್ಪ ಗಿಡ್ಡ, ಅವಳ ಎತ್ತರಕ್ಕೆ ಸರಿಯಾಗಿ. ಅದರ ಸುತ್ತ ಒಂದು ಮೊರದಗಲದ ನೆಲವನ್ನು ಒಂದು ಚಕ್ಕೆಯೂ ಉಳಿಯದಂತೆ ಆರಿಸಿ, ಸಗಣಿ ಹಾಕಿ ಸಾರಿಸಿತ್ತು. ಗಂಡಸು ಸಾರಿಸಿದ್ದೆಂದು ನೋಡಿದರೇ ಗೊತ್ತಾಗುತ್ತಿತ್ತು. ಅಡ್ಡಾದಿಡ್ಡಿ ಬೆರಳಿನ ಗುರುತು, ಅಲ್ಲಲ್ಲಿ ಗಂಟು. ಮೊನ್ನೆಯೋ ಆಚೆ ಮೊನ್ನೆಯೋ ಸಾರಿಸಿದ್ದು.

ಜಯಕ್ಕ ಆ ಕಲ್ಲನ್ನು ನೋಡಿದಳು, ನೆಲ ನೋಡಿದಳು, ತಾನು ದಾಟಿ ಬಂದ ಚಕ್ಕೆಯ ಬಯಲನ್ನು ನೋಡಿದಳು.

"ಅಯ್ಯೋ ಇವನ ಮನೆ ಕಾಯ! ಕುಂತ್ಕಳಾಕೆ ಜಾಗ ಮಾಡ್ಯಾನೆ, ಬರಾಕೆ ದಾರೀನೇ ಮಾಡಿಲ್ಲ!"

ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಸುರಿಯಿತು. ಜುಂಜಯ್ಯ ಬಂದು ನೋಡಿ, ಅರ್ಥವಾಗಿ, ಅವನೂ ನಕ್ಕ. ನಗು ಗುಂಪಿನ ಕಡೆಯವನವರೆಗೂ ಹೋಯಿತು. ಕಂಬಳಿ ಕೊಡವುತ್ತಿದ್ದವರೊಬ್ಬರು ಚಕ್ಕೆ ಚುಚ್ಚಿ ಅಯ್ಯಪ್ಪೋ ಎಂದದ್ದಕ್ಕೆ ಇನ್ನಷ್ಟು ನಕ್ಕರು.

"ಅವ್ವಾ, ಏಳು, ಹೋಗಾಣ. ಎಲ್ರೂ ಸ್ನಾನ ಮಾಡ್ಬೇಕು," ಎಂದ ಗಿರೀಶ.

"ನೀವು ನಡೀರಪ್ಪ. ನಾನು ಈಗ ತಾನೆ ಬಂದೀನಿ."

ಜುಂಜಯ್ಯ ಅವಳ ದಾರಿಗೆ ಬೇಕಾದಷ್ಟು ಕಂಬಳಿಗಳನ್ನು ಎತ್ತದಂತೆ ಸನ್ನೆ ಮಾಡಿ, ಗಿರೀಶನ ತೋಳು ಹಿಡಿದು ಕರೆದುಕೊಂಡು ಹೋದ. ಜಯಕ್ಕ ಗಿಡ್ಡ ಕಲ್ಲಿನ ಮೇಲೆ ಕೂತು, ಸೀರೆ ಸರಿಮಾಡಿಕೊಂಡು, ಗಂಡ ಸಾರಿಸಿದ ನೆಲದ ಮೇಲೆ ಎರಡೂ ಬರಿಗಾಲು ಚಾಚಿದಳು.