ಹಡಗಿನ ಪಕ್ಕದ ಮೋಡ

"ಉಸಿರು ಬಿಡಬೇಡ!"

"ಮದುವೆಯಾದಾಗಿನಿಂದ ಅದನ್ನೇ ಹೇಳ್ತಾ ಬಂದಿದೀರಿ," ಎಂದಳು ಹೆಂಡತಿ. ಆದರೂ ಬಾಯಿಗೆ ಅಂಗೈ ಅಡ್ಡ ಹಿಡಿದು ಮೇಜಿನ ಮೇಲೆ ಬಗ್ಗಿದಳು.

ಕೋಣೆಯಲ್ಲಿ ಮೇಜುದೀಪ ಒಂದೇ ಉರಿಯುತ್ತಿತ್ತು. ಉಳಿದವನ್ನೆಲ್ಲ ಕರಡಪ್ಪನವರೇ ಆರಿಸಿ, ಕಿಟಕಿಯ ಪರದೆ ಎಳೆದು ಬಂದಿದ್ದರು. ದೀಪದಡಿ ಮೆತ್ತನೆಯ ಬಟ್ಟೆ, ಅದರ ಮೇಲೆ ಬಿಳಿ ಕೈಗವಸು ತೊಟ್ಟ ಎರಡು ಬೆರಳು, ಆ ಬೆರಳುಗಳ ನಡುವೆ ಅಂಚಿನಲ್ಲಷ್ಟೇ ಹಿಡಿಸಿಕೊಂಡು ನಿಂತ ಚಿನ್ನದ ನಾಣ್ಯ. ಅದರ ಮೇಲೆ ಹಾಯಿ ಬಿಚ್ಚಿದ ಹಡಗು. ಹಡಗಿಗೆ ಮಾತ್ರ ಬೇಕೆಂದೇ ಕೊಟ್ಟ, ಮಂಜು ಕುಳಿತಂಥ ಮಬ್ಬು. ಸುತ್ತಲಿನ ಆಕಾಶ, ಕೆಳಗಿನ ನೀರು, ಎಲ್ಲ ಒಂದೇ ಕನ್ನಡಿ.

"ನಡುವಿನ ಕಂಬ ಇದೆಯಲ್ಲ, ಅದರ ಬಲಕ್ಕೆ. ಸಣ್ಣ ಮೋಡದ ಥರ. ಕಾಣ್ತಾ?"

"ನಿಮ್ಮ ಮೂಗು ಕಾಣ್ತಿದೆ."

"ಅದು ಪ್ರತಿಬಿಂಬ ಕಣೇ. ಅದರ ಹಿಂದೆ ನೋಡು."

"ಮೂಗಿನ ಹಿಂದೆ ಇನ್ನೇನಿರತ್ತೆ? ನೀವೇ ಇರ್ತೀರಿ." ಅವಳು ಸೊಂಟಕ್ಕೆ ಕೈಕೊಟ್ಟು ನೆಟ್ಟಗಾದಳು. "ನಂಗೆ ಚಿನ್ನ ಕಾಣತ್ತೆ, ಅಷ್ಟೆ. ಹಾಕ್ಕೊಳ್ಳೋ ಹಾಗಿಲ್ಲ, ಮುಟ್ಟೋ ಹಾಗಿಲ್ಲ, ಅದರ ಮುಂದೆ ಕೆಮ್ಮೋ ಹಾಗಿಲ್ಲ. ಇದಕ್ಕಿಂತ ಹಸಿ ಬಣ್ಣ ಬಳಿದ ಬಾಗಿಲು ವಾಸಿ, ನಾಳೆಗಾದ್ರೂ ಒಣಗತ್ತೆ."

ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು.

"ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ರೀ."

"ನನ್ನ ಕಣ್ಣಿಗೇನಾಗಿದೆ?"

"ಏನೂ ಆಗಿಲ್ಲ ಅಂತ ಡಾಕ್ಟರ ಬಾಯಲ್ಲೇ ಕೇಳ್ಕೊಂಡು ಬನ್ನಿ."

ಕರಡಪ್ಪನವರು ದೀಪವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಕರಡಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅಚ್ಚುಕೂಟದಲ್ಲಿ ಕರಡು ತಿದ್ದುತ್ತಾ ಕೂದಲು ನೆರೆಸಿಕೊಂಡವರಾದ್ದರಿಂದ ಎದುರಿಗೆ ಕರಡಪ್ಪ, ಬೆನ್ನ ಹಿಂದೆ ಕರಡಿ. ಅವರ ಪಾಲಿಗೆ ಪ್ರೂಫ್ ಎಂದರೆ ತಪ್ಪುಗಳ ಮೂಟೆ: ಒತ್ತು ಬಿಟ್ಟ ಒತ್ತಕ್ಷರಗಳು, ದೀರ್ಘ ಮರೆತು ಗಿಡ್ಡವಾದ ಪದಗಳು. ಹಾಗಿರುವಾಗ ನಾಣ್ಯದ ಅಂಗಡಿಯ ಗಾಜಿನ ಹಿಂದೆ 'ಪ್ರೂಫ್ ನಾಣ್ಯ' ಎಂಬ ಚೀಟಿ ಓದಿ ಒಳಗೆ ಹೋಗಿ ವಿಚಾರಿಸಿದ್ದರು. ಚಲಾವಣೆಗಲ್ಲ, ಉಜ್ಜಿ ಕನ್ನಡಿಯಾಗಿಸಿದ ಅಚ್ಚಿನಿಂದ ಒಂದೊಂದನ್ನೇ ಒತ್ತಿ ತೆಗೆದದ್ದು, ಇದರಲ್ಲಿ ತಪ್ಪು ಇರುವ ಹಾಗೇ ಇಲ್ಲ ಎಂದಿದ್ದ ಅಂಗಡಿಯವನು. ತಪ್ಪಿಲ್ಲದ ಪ್ರೂಫು! ತಮಗಾಗಿ ಒಂದು ಕೈಗಡಿಯಾರವನ್ನೂ ಕೊಳ್ಳದ ಮನುಷ್ಯ ಅದನ್ನು ಕೊಂಡುಬಿಟ್ಟರು. ಕಲೆ ಕಂಡರೆ ವಾಪಸು ತೆಗೆದುಕೊಳ್ಳುತ್ತೇನೆ, ಆದರೆ ಬೆರಳು ತಾಗಿರಬಾರದು ಎಂದು ಅಂಗಡಿಯವನು ಹೇಳಿ ಕಳಿಸಿದ್ದ.

ಹೆಂಡತಿ ಹೋದ ಮೇಲೆ ಅವರು ಪುಟ್ಟ ಭೂತಗನ್ನಡಿಯನ್ನು ಬಲಗಣ್ಣಿಗೆ ಒತ್ತಿಕೊಂಡು, ಎಡಗಣ್ಣು ಮುಚ್ಚಿ, ನಾಣ್ಯವನ್ನು ದೀಪಕ್ಕೆ ಓರೆ ಮಾಡಿದರು. ಏನೇನು ಹುಡುಕಬೇಕೆಂದು ಈಗ ಅವರಿಗೆ ಬಾಯಿಪಾಠ. ಚಿನ್ನಕ್ಕೆ ಬೆರೆಸಿದ ತಾಮ್ರ ಗಂಟುಕಟ್ಟಿದ್ದರೆ ಕೆಂಪು ಚುಕ್ಕೆ. ಯಾರಾದರೂ ಒರೆಸಿದ್ದರೆ ಕೂದಲೆಳೆಯಂಥ ಗೀರು. ಬೆರಳು ತಾಗಿದ್ದರೆ, ಆ ಗುರುತು ತಡವಾಗಿ, ತಾನೇ ತಾನಾಗಿ ಮೇಲೆ ಬರುತ್ತದೆ. ಇದು ಮೂರೂ ಅಲ್ಲ. ಬೂದಿ ಬಣ್ಣ, ಅಂಚಿಲ್ಲ. ಇನ್ನೊಂದು ಕೆಟ್ಟ ಗುಣವೂ ಅದಕ್ಕಿತ್ತು: ಕಂಬವನ್ನು ನೋಡಿದರೆ ಕಂಬದ ಬಲಕ್ಕಿರುತ್ತಿತ್ತು, ಹಡಗಿನ ಹೊಟ್ಟೆಯನ್ನು ನೋಡಿದರೆ ಮೆಲ್ಲನೆ ನೀರಿಗಿಳಿಯುತ್ತಿತ್ತು. ಕನ್ನಡಿಯ ಮೇಲೆ ಬೆಳಕು ಜಾರುತ್ತದೆ, ಕಲೆಯೂ ಜಾರಿದಂತೆ ಕಾಣುತ್ತದೆ ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಭೂತಗನ್ನಡಿಯನ್ನು ಕೆಳಗಿಟ್ಟು, ಅದೇ ಬಲಗಣ್ಣಿನಿಂದ ಎದುರಿನ ಬಾಗಿಲ ಚಿಲಕವನ್ನೊಮ್ಮೆ ನೋಡಿದ್ದರೆ ಗೊತ್ತಾಗುತ್ತಿತ್ತು. ಅವರು ನೋಡಲಿಲ್ಲ. ಎರಡೂ ಕಣ್ಣು ತೆರೆದುಕೊಂಡೇ ಎದ್ದರು.

ಹೊಸ ಚಿನ್ನದ ಮೇಲೆ ಕಲೆ ಇರಲಿ ಎಂದು ಬೇಡಿಕೊಂಡ ಮನುಷ್ಯ ಊರಿನಲ್ಲಿ ಅವರೊಬ್ಬರೇ ಇದ್ದಿರಬೇಕು.

ಕಲೆ ಕಣ್ಣಿನದ್ದಾಗಿದ್ದರೆ ಎಂಬ ಭಯಕ್ಕೆ ಕಾರಣವಿತ್ತು. ಅಚ್ಚುಕೂಟಕ್ಕೆ ಆಗ ಬಂದಿದ್ದ ಕೆಲಸ ಕಥೆ ಕವನದ್ದಲ್ಲ. ದಾದಿಯರಿಗೆಂದು ಮಾಡಿದ ಕೈಪಿಡಿ, ಎಷ್ಟು ತೂಕದ ಮಗುವಿಗೆ ಯಾವ ಔಷಧಿ ಎಷ್ಟು ಎಂಬ ಪಟ್ಟಿಗಳು. ಪುಟದ ತುಂಬ ಅಂಕಿ, ಅಂಕಿಗಳ ನಡುವೆ ದಶಮಾಂಶದ ಬಿಂದು. ಸೊನ್ನೆಯ ಪಕ್ಕದ ಬಿಂದು ಬಿಟ್ಟುಹೋದರೆ ಅರ್ಧ ಐದಾಗುತ್ತದೆ. "ಬಿಂದು ಬಿದ್ರೆ ಮಗು ಏಳಲ್ಲ ಸಾರ್," ಎಂದು ಪುಟ ಕಟ್ಟುವವನು ಮೊದಲ ದಿನವೇ ತಮಾಷೆ ಮಾಡಿದ್ದ, ಯಾರೂ ನಕ್ಕಿರಲಿಲ್ಲ. ಅಂಕಿಗಳನ್ನು ಕರಡಪ್ಪನವರು ಯಾವಾಗಲೂ ಭೂತಗನ್ನಡಿಯಲ್ಲೇ ಓದುತ್ತಿದ್ದರು, ಬಲಗಣ್ಣಿನಿಂದಲೇ. ಹೋದ ವಾರ ಒಂದು ಪುಟದ ಅಂಚಿನಲ್ಲಿ 'ಬಿಂದು ಬಿಟ್ಟಿದೆ' ಎಂದು ಬರೆದು ಕಳಿಸಿದ್ದರು. ಪುಟ ವಾಪಸು ಬಂದಿತ್ತು. ಬಿಂದು ಅಲ್ಲೇ ಇತ್ತು, ಮೆಣಸಿನ ಕಾಳಿನಷ್ಟು ಕಪ್ಪಗೆ.

ಮರುದಿನ ಅವರು ನಾಣ್ಯವನ್ನು ಅಚ್ಚುಕೂಟಕ್ಕೆ ತಂದರು.

ಪುಟ ಕಟ್ಟುವವನನ್ನು ಎಲ್ಲರೂ ಅಣಕಣ್ಣ ಎನ್ನುತ್ತಿದ್ದರು. ಯಜಮಾನರ ಕೆಮ್ಮು, ಕಾಗದ ಮಾರುವವನ ತೊದಲು, ಲಿಫ್ಟಿನ ನರಳಾಟ ಎಲ್ಲ ಅವನ ಗಂಟಲಿನಲ್ಲಿ ಬಾಡಿಗೆಗಿದ್ದವು. ನಾಣ್ಯ ಕೊಳ್ಳುವ ದಿನ ಕರಡಪ್ಪನವರ ಜೊತೆಗೆ ಹೋಗಿ, ಬರುವಾಗ ಅಂಗಡಿಯವನ ದನಿಯನ್ನೂ ಪುಕ್ಕಟೆಯಾಗಿ ಎತ್ತಿಕೊಂಡು ಬಂದಿದ್ದ. ಊಟದ ಬಿಡುವಿನಲ್ಲಿ ಅವನೂ ಪುಸ್ತಕ ಹೊಲಿಯುವ ಬೈಂಡಿಂಗ್ ಅಕ್ಕನೂ ಮೇಜಿನ ಬಳಿ ಬಂದರು. ಕರಡಪ್ಪನವರು ಇಬ್ಬರ ಕೈಗೂ ಕೈಗವಸು ತೊಡಿಸಿದರು.

"ಸಾರ್, ಇದು ನಾಣ್ಯ ನೋಡೋದಾ, ಆಪರೇಷನ್ನಾ?"

"ಬಾಯಿ ಮುಚ್ಕೊಂಡು ನೋಡು. ಎಂಜಲು ಸಿಡಿಸಬೇಡ."

ಅಣಕಣ್ಣ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡ. "ಇದರಲ್ಲಿ ಬರೀ ಭೂತ ಕಾಣತ್ತಾ, ಭವಿಷ್ಯಾನೂ ಕಾಣತ್ತಾ?"

"ಕಂಬದ ಬಲಕ್ಕೆ ನೋಡು. ಕಲೆ ಇದೆಯಾ ಇಲ್ವಾ, ಅಷ್ಟು ಹೇಳು."

ಅಣಕಣ್ಣ ನೋಡಿದ. ಕಂಬದ ಬಲಕ್ಕೆ ಏನೂ ಇರಲಿಲ್ಲ. ಎಡಕ್ಕೂ ಇರಲಿಲ್ಲ. ಇಡೀ ಆಕಾಶ ಆಗತಾನೇ ತೊಳೆದಂತಿತ್ತು. ಆದರೆ ಏನೂ ಇಲ್ಲ ಎನ್ನುವುದರಲ್ಲಿ ಅವನಂಥವನಿಗೆ ಏನು ಸ್ವಾರಸ್ಯ? ಅಕ್ಕನ ಕಡೆ ತಿರುಗಿ, ಕರಡಪ್ಪನವರಿಗೆ ಕಾಣದಂತೆ ಕಣ್ಣು ಮಿಟುಕಿಸಿದ.

"ಅಯ್ಯಯ್ಯೋ."

"ಏನು?"

"ಇದೆ ಸಾರ್. ನೀವು ಮೋಡ ಅಂತಿದ್ರಿ, ನಂಗೆ ಮಳೇನೇ ಕಾಣ್ತಿದೆ. ಈ ಹಡಗು ದಡ ಸೇರೋದು ಅನುಮಾನ."

ಅಕ್ಕನೂ ಬಗ್ಗಿ ನೋಡಿದಳು. ನಗು ತಡೆಯಲು ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಂಡಿದ್ದಳು. "ಹೂಂ ಸಾರ್, ಕಾಣ್ತಿದೆ. ಒಂಥರಾ ಬೂದಿ ಬಣ್ಣ."

ಬೂದಿ ಎನ್ನುವುದು ಅವಳು ಆ ಕ್ಷಣಕ್ಕೆ ಹೊಳೆದು ಆಡಿದ ಮಾತು. ಕರಡಪ್ಪನವರು ಅವಳ ಮುಖವನ್ನೇ ನೋಡಿದರು.

"ಬೂದಿ ಬಣ್ಣಾನೇ? ನಾನು ಹೇಳೇ ಇಲ್ವಲ್ಲ!"

"ಬೂದೀನೇ ಸಾರ್."

"ಇಬ್ಬರಿಗೂ ಕಾಣ್ತಿದೆ?"

"ಇಬ್ಬರಿಗೂ."

ಅವರ ಮುಖ ಇಳಿಯುತ್ತದೆ, ಆಗ ನಿಜ ಹೇಳಿ ನಗಬಹುದು ಎಂಬುದು ಲೆಕ್ಕಾಚಾರ. ಆದರೆ ಮುಖ ಇಳಿಯಲಿಲ್ಲ. ಹೆಗಲು ಇಳಿದವು. ಬಹಳ ದಿನಗಳಿಂದ ತಲೆಯ ಮೇಲೆ ಹೊತ್ತಿದ್ದ ಏನನ್ನೋ ಯಾರೋ ಕೈಕೊಟ್ಟು ಇಳಿಸಿದಂತೆ ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಸದ್ಯ, ಬದುಕಿದೆ," ಎಂದರು. ಕೆಳಗಿನ ಅಂಗಡಿಗೆ ಹೇಳಿ ಎಲ್ಲರಿಗೂ ಚಹಾ ತರಿಸಿದರು. ಅಣಕಣ್ಣನಿಗೆ ಎರಡು ಲೋಟ.

"ಚಿನ್ನ ಕೆಟ್ಟಿದೆ ಅಂತ ಸಂಭ್ರಮ ಪಡೋರನ್ನ ಇವತ್ತೇ ನೋಡಿದ್ದು," ಎಂದಳು ಅಕ್ಕ, ಹೊಲಿಗೆಯ ಮೇಜಿಗೆ ಮರಳಿದ ಮೇಲೆ. "ಯಾಕೋ ಸರಿ ಹೋಗ್ತಿಲ್ಲ ಕಣೋ. ಹೇಳಿಬಿಡೋಣ."

"ಸಂಜೆ ಹೇಳೋಣ ಬಿಡಕ್ಕ, ನಾಣ್ಯ ಕಟ್ಕೊಂಡು ಹೊರಡೋ ಹೊತ್ತಿಗೆ. ಕಾಯಿ ಇದ್ದಾಗಲೇ ಕಿತ್ರೆ ರುಚಿ ಇರಲ್ಲ."

ಮಧ್ಯಾಹ್ನವೆಲ್ಲ ಕರಡಪ್ಪನವರು ಹಾಡು ಗುನುಗುತ್ತಾ ಕೆಲಸ ಮಾಡಿದರು. ಕೈಪಿಡಿಯ ಕೊನೆಯ ಪಟ್ಟಿಗಳು ಅವರ ಮೇಜಿನ ಮೇಲೇ ಇದ್ದವು: ಜ್ವರದ್ದು, ಫಿಟ್ಸಿನದ್ದು, ಹೃದಯದ ತೊಂದರೆಯದ್ದು. ಸಂಜೆಗೆ ಮೆಷಿನ್ ಏರಬೇಕು ಎಂದು ಯಜಮಾನರು ಕೆಳಗಿನಿಂದ ಎರಡು ಸಲ ಹೇಳಿ ಕಳಿಸಿದ್ದರು. ಆ ಪುಟ ವಾಪಸು ಬಂದಾಗಿನಿಂದ ಅವರು ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು, ಅನುಮಾನ ಬಂದಲ್ಲಿ ಎಡಗಣ್ಣಿನಿಂದಲೂ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಇವತ್ತು ಅದು ಬೇಕಾಗಲಿಲ್ಲ. ಕಲೆ ನಾಣ್ಯದ್ದು ಎಂದು ಇಬ್ಬರು ಸಾಕ್ಷಿ ಹೇಳಿಯಾಗಿತ್ತು. ಭೂತಗನ್ನಡಿ ಸಾಲಿನಿಂದ ಸಾಲಿಗೆ ಸರಾಗವಾಗಿ ಓಡಿತು. ಹಾಳೆ ಎಲ್ಲೆಲ್ಲೂ ಶುಭ್ರವಾಗಿ ಕಂಡಿತು. ಬಿಳಿಯ ಮೇಲೆ ಮೋಡ ತಾನೂ ಬಿಳಿಯಾಗಿಬಿಡುತ್ತದೆ. ಅಲ್ಲೊಂದು ಇಲ್ಲೊಂದು ಅಕ್ಷರ ತಿದ್ದಿ, ಪ್ರತಿ ಪುಟದ ಕೆಳಗೆ 'ಅಚ್ಚಿಗೆ ಸರಿ' ಎಂದು ಬರೆದು, ಕೆಳಗೆ ಕಳಿಸಿದರು.

"ಇಷ್ಟು ಬೇಗ ಮುಗೀತಾ?" ಎಂದು ಅಕ್ಕ ಕೇಳಿದಳು.

"ಕಣ್ಣಿದೆಯಲ್ಲಮ್ಮ," ಎಂದರು ಅವರು.

ಸಂಜೆ ಮತ್ತೊಂದು ಸುತ್ತು ಚಹಾ ಬಂದಿತ್ತು. ಕರಡಪ್ಪನವರು ನಾಣ್ಯವನ್ನು ಅದರ ಗಾಜಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ, ಚೀಲದ ಒಳಜೇಬಿಗೆ ಸೇರಿಸುತ್ತಿದ್ದರು. ಹಿಂದಿನಿಂದ ಅಂಗಡಿಯವನ ದನಿ ಬಂತು. ಅದೇ ಎಣ್ಣೆ ಸವರಿದ ದನಿ, ಪ್ರತಿ ಮಾತಿನ ಕೊನೆಗೂ ಅದೇ ಎಳೆತ.

"ಸ್ವಾಮೀ... ಕಲೆ ಇದೆ ಅಂತ ವಾಪಸ್ ತರ್ತಿದೀರಂತೆ?"

ಅವರು ಬೆಚ್ಚಿ ತಿರುಗಿದರು. ಅಣಕಣ್ಣ ಕೈಕಟ್ಟಿಕೊಂಡು, ಕುತ್ತಿಗೆ ಓರೆ ಮಾಡಿಕೊಂಡು ನಿಂತಿದ್ದ.

"ನನ್ನ ನಾಣ್ಯದಲ್ಲಂತೂ ಕಲೆ ಇಲ್ಲ ಸ್ವಾಮೀ. ಸರಿಯಾಗಿ ಹುಡುಕಿ, ನಿಮ್ಮ ಹತ್ತಿರಾನೇ ಎಲ್ಲೋ ಇರಬೇಕು, ತಿಳೀತಲ್ಲ?"

ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅಣಕಣ್ಣನ ನಗು ಒಡೆದೇ ಹೋಯಿತು. "ಏನೂ ಇಲ್ಲ ಸಾರ್! ಒಂದು ಚುಕ್ಕೇನೂ ಇಲ್ಲ! ಸುಮ್ನೆ ಅಂದ್ವಿ. ನಿಮ್ಮ ಹಡಗಿಗೆ ಬಿಸಿಲು ಚೆನ್ನಾಗಿದೆ, ಆರಾಮಾಗಿ ಮನೆಗೆ ತಗೊಂಡ್ಹೋಗಿ!"

ಕರಡಪ್ಪನವರು ಅಕ್ಕನ ಕಡೆ ನೋಡಿದರು. "ನೀನು? ಬೂದಿ ಬಣ್ಣ ಅಂದ್ಯಲ್ಲ."

"ಬಾಯಿಗೆ ಬಂದಿದ್ದು ಅಂದೆ ಸಾರ್. ಬೈಬೇಡಿ. ಇವನೇ ಕಣ್ಣು ಮಿಟುಕಿಸಿದ್ದು."

"ಏನೂ ಕಾಣಲಿಲ್ಲ?"

"ಕನ್ನಡಿ ಇದ್ದ ಹಾಗಿದೆ ಸಾರ್. ನನ್ನ ಮುಖಾನೇ ಕಾಣ್ತು."

ಅವರು ಚೀಲವನ್ನು ಮೇಜಿನ ಮೇಲಿಟ್ಟರು. ಕರವಸ್ತ್ರ ತೆಗೆದು ಎಡಗಣ್ಣು ಒರೆಸಿಕೊಂಡರು. ಒರೆಸಿಯಾದ ಮೇಲೂ ಅದನ್ನು ಅಲ್ಲೇ ಒತ್ತಿ ಹಿಡಿದುಕೊಂಡರು.

"ಎಲ್ಲಿ, ಇನ್ನೊಂದ್ಸಲ ಮಾಡು," ಎಂದರು. "ಆ ಅಂಗಡಿಯವನ ದನಿ."

ಹೊಗಳಿಕೆ ಸಿಕ್ಕಿತೆಂದು ಅಣಕಣ್ಣ ಹತ್ತಿರ ಬಂದು, ಮತ್ತಷ್ಟು ಎಣ್ಣೆ ಹಚ್ಚಿ, ಮೊದಲಿನಿಂದ ಶುರುಮಾಡಿದ. ಕರಡಪ್ಪನವರು ಅವನ ಬಲಗೆನ್ನೆಯನ್ನೇ ನೋಡುತ್ತಾ ಕೇಳಿದರು. ಹಣೆ ಇತ್ತು, ಕಣ್ಣುಗಳಿದ್ದವು, ಅಂಗಿಯ ಕಾಲರ್ ಇತ್ತು. ದನಿ ಬರುತ್ತಿದ್ದ ಕಡೆ ಬಾಯಿ ಇರಲಿಲ್ಲ.

"ಆ ಪಟ್ಟಿಗಳು..." ಎಂದರು. "ಕೆಳಗೆ ಹೋದವಾ?"

"ಆಗಲೇ ಮೆಷಿನ್ ಮೇಲೆ ಕೂತಿರಬೇಕು ಸಾರ್. ಯಾಕೆ?"

ಅವರು ಏನೋ ಹೇಳಲು ಬಾಯಿ ತೆರೆದರು. ಅಣಕಣ್ಣ ಕಾಯುತ್ತಾ ನಿಂತ, ಅಕ್ಕ ದಾರ ಕೈಯಲ್ಲಿ ಹಿಡಿದು ಕಾದಳು. ಆ ತೆರೆದ ಬಾಯಿಂದ ಹೊರಟದ್ದು ನಗು. ಮೊದಲು ಸಣ್ಣಗೆ, ಕೆಮ್ಮಿನ ಹಾಗೆ. ಆಮೇಲೆ ಹೊಟ್ಟೆಯಿಂದ, ಕುರ್ಚಿಯ ಬೆನ್ನು ಹಿಡಿದುಕೊಳ್ಳಬೇಕಾಗುವಷ್ಟು. "ಚೆನ್ನಾಗಿ ಬೇಸ್ತು ಬೀಳಿಸಿದೆ ಕಣಯ್ಯ," ಎಂದು ಅಣಕಣ್ಣನ ಬೆನ್ನು ತಟ್ಟಿದರು, ಮತ್ತೆ ನಕ್ಕರು. ಅವರು ಇಷ್ಟು ಜೋರಾಗಿ ನಕ್ಕದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಉಳಿದಿಬ್ಬರೂ ಅವರೊಡನೆ ನಕ್ಕು ನಕ್ಕು ಸುಸ್ತಾಗಿ ನಿಲ್ಲಿಸಿದ ಮೇಲೂ ಅವರೊಬ್ಬರ ನಗುವೇ ಕೋಣೆಯನ್ನು ತುಂಬಿಕೊಂಡಿತ್ತು. ಕರವಸ್ತ್ರ ಇನ್ನೂ ಎಡಗಣ್ಣಿನ ಮೇಲೇ ಇತ್ತು.

ಕೆಳಗೆ ಮೆಷಿನ್ ಶುರುವಾದದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಮೇಜಿನ ಮೇಲೆ ಸಾಲಾಗಿಟ್ಟಿದ್ದ ಚಹಾದ ಲೋಟಗಳಲ್ಲಿ ಮಾತ್ರ ಸಣ್ಣ ಸಣ್ಣ ಉಂಗುರಗಳು ಎದ್ದು, ಅಂಚಿಗೆ ಹೋಗಿ, ಮತ್ತೆ ನಡುವಿನಿಂದ ಏಳತೊಡಗಿದವು.