ಫ್ರೀಜರಿನಲ್ಲಿ ನಲವತ್ತು ನಳಿಕೆ

ಹದಿನಾಲ್ಕನೆಯ ದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಗಂಟೆ ಒತ್ತಿದ. ನೆಂಟರು ಹೊರಟುಹೋಗಿದ್ದರು. ಫೋನ್ ಬಂತು. ಅಹಮದಾಬಾದಿನ ಲ್ಯಾಬಿನಿಂದ ವೈದೇಹಿ, ನನ್ನ ಗಂಡ ರಾಘವನ ಸಹೋದ್ಯೋಗಿ.

"ಕೇಳೋಕೆ ಸಂಕೋಚ, ಮನಸ್ವಿನಿ. ಸೂರತ್ ಸ್ಯಾಂಪಲ್‌ಗಳು ನಿಮ್ಮನೇಲೇ ಇದಾವಾ?"

ಇದ್ದವು. ಎರಡು ವಾರದ ಹಿಂದೆ, ಶನಿವಾರ, ರಾಘವ ಸೂರತ್ ಬಳಿಯ ಹಜೀರಾದ ಕಾಲೊನಿಯಲ್ಲಿ ನಲವತ್ತು ದಪ್ಪ ಮಕ್ಕಳ ರಕ್ತ ತೆಗೆಸಿ, ಅದರ ಹಳದಿ ದ್ರವವನ್ನು ವೈದೇಹಿಯಿಂದ ಎರವಲು ಪಡೆದ ನೀಲಿ ಐಸ್ ಬಾಕ್ಸಿನಲ್ಲಿ ವಡೋದರದ ನಮ್ಮ ಮನೆಗೆ ತಂದಿದ್ದ. ಕೊಬ್ಬು ಹೆಚ್ಚಿದ ಮಗುವಿನ ಜೀವಕೋಶಗಳು ಎಷ್ಟು ಹಾಳಾಗಿವೆ ಎಂದು ಅಳೆಯುವುದು ಅವನ ಕೆಲಸ. "ಸೋಮವಾರ ಒಯ್ತೀನಿ, ಅಲ್ಲಿತನಕ ನಮ್ಮ ಫ್ರೀಜರ್ ಸಾಕು" ಎಂದಿದ್ದ. ಭಾನುವಾರ ಮಕರಪುರದ ರಸ್ತೆಯಲ್ಲಿ ಅಪಘಾತವಾಗಿ ತೀರಿಕೊಂಡ.

ಫ್ರೀಜರ್ ತೆರೆದೆ. ನಳಿಕೆಗಳು ಹೆಪ್ಪುಗಟ್ಟಿ ಸಾಲಾಗಿ ನಿಂತಿದ್ದವು. ಆದರೆ ಗೋಡೆಗೆ ಸದಾ ಅಂಟಿರುತ್ತಿದ್ದ ಬೆರಳು ದಪ್ಪದ ಹಿಮ ಇರಲಿಲ್ಲ.

"ಅತ್ತಿ, ಫ್ರಿಜ್ ಬಂದ್ ಮಾಡಿದ್ರೇನು?"

"ನಿನ್ನೆ ಶುದ್ಧಿ ಅಲ್ಲೇನ? ಮನಿ ಎಲ್ಲಾ ತೊಳದು ಇದೊಂದನ್ನ ಬಿಡ್ತಾರೇನು? ಮುಂಜಾನೆ ಆರಿಸಿ ಸಂಜಿಕ ಹಚ್ಚೀನಿ. ಅವನ ಸಾಮಾನಂತ ಶೀಶೆ ಒಂದೊಂದೂ ಒರಸಿ ಇಟ್ಟೀನಿ."

ನಳಿಕೆಗಳನ್ನು ನೀಲಿ ಬಾಕ್ಸಿಗೆ ತುಂಬತೊಡಗಿದೆ. ನಾನು ಓದಿದ್ದು ಜೀವರಸಾಯನಶಾಸ್ತ್ರ. ಹಗಲೆಲ್ಲ ಕರಗಿ ನಿಂತರೆ ಆ ದ್ರವ ತಾನಾಗಿಯೇ ಹಾಳಾಗುತ್ತದೆ. ಹಾನಿ ಆದದ್ದು ಮಗುವಿನ ಮೈಯಲ್ಲೋ, ನಮ್ಮ ಅಡುಗೆಕಟ್ಟೆಯ ಮೇಲೋ ಎಂಬುದು ಯಂತ್ರಕ್ಕೆ ತಿಳಿಯದು. ಅಂಕಿ ಮಾತ್ರ ಏರಿರುತ್ತದೆ. ರಾಘವನ ಪ್ರಬಂಧಕ್ಕೆ ಉಳಿದಿದ್ದದ್ದು ಈ ನಲವತ್ತು ಅಂಕಿ. ಕರಗಿದ್ದನ್ನು ಹೇಳದಿದ್ದರೆ ಪ್ರಬಂಧ ಮುಗಿಯುತ್ತದೆ.

ಅಹಮದಾಬಾದಿನ ರೈಲಿನಲ್ಲಿ, ರಾಘವ ಬರೆದಿಟ್ಟ ಆ ಮಕ್ಕಳ ಪಟ್ಟಿ ಓದಿದೆ. ನಳಿಕೆ ಹದಿನೇಳು, ಅದಿತಿ, ಹನ್ನೊಂದು ವರ್ಷ. ಅವಳ ಮಾತನ್ನು ಹೇಳಿ ರಾಘವ ನಕ್ಕಿದ್ದ: "ಅಂಕಲ್, ಕರಿದ ಫಾಫ್ಡಾ ತಿಂದದ್ದು ಬ್ಲಡ್‌ನಲ್ಲಿ ಗೊತ್ತಾಗುತ್ತಾ? ಮಮ್ಮಿಗೆ ಹೇಳ್ಬೇಡಿ."

ನವರಂಗಪುರದ ಲ್ಯಾಬಿನಲ್ಲಿ ವೈದೇಹಿ ಬಾಕ್ಸಿನ ಮುಚ್ಚಳ ತೆಗೆದರು. "ಅಬ್ಬಾ, ಗಟ್ಟಿಯಾಗೇ ಇವೆ. ಪೇಪರ್‌ನಲ್ಲಿ ರಾಘವನ ಹೆಸರೇ ಮೊದಲು ಬರುತ್ತೆ."

"ನಿನ್ನೆ ಹಗಲೆಲ್ಲ ಕರಗಿದ್ದವು."

ಅವರು ಒಂದು ನಳಿಕೆಯನ್ನು ಬೆಳಕಿಗೆ ಹಿಡಿದರು. "ನೋಡಿದ್ರೆ ಗೊತ್ತಾಗಲ್ಲ," ಎಂದರು ಮೆಲ್ಲಗೆ.

"ವರದಿ ಮಕ್ಕಳ ಮನೆಗೆ ಹೋಗುತ್ತಲ್ಲ."

ಅವರು ಮುಖ ತಿರುಗಿಸಿದರು. ನಲವತ್ತನ್ನೂ ನಾನೇ ತ್ಯಾಜ್ಯದ ಹಳದಿ ಚೀಲಕ್ಕೆ ಹಾಕಿದೆ. ಬಾಕ್ಸನ್ನು ನಲ್ಲಿಯಲ್ಲಿ ತೊಳೆದು, ಒರೆಸಿ, ಅವರ ಕೈಗೆ ಕೊಟ್ಟೆ.

"ಹಿಡಿಕೆ ಸ್ವಲ್ಪ ಸಡಿಲ," ಎಂದೆ. "ನಿಮ್ಮಿಂದ ತಗೊಂಡಾಗಲೇ ಹಾಗಿತ್ತು ಅಂದಿದ್ದ ರಾಘವ."