ನಿರಾಪದದಾ ನೋಡದ ಹದಿಮೂರು ಪಂದ್ಯಗಳು

ಸೆಪ್ಟೆಂಬರ್ ಒಂಬತ್ತು, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಎರಡು ನಿಮಿಷಕ್ಕೆ ಪ್ರಭಾತ ಸಂಘದ ಕೊನೆಯ ಫುಟ್‌ಬಾಲ್ ಲೀಗ್ ಪಂದ್ಯ ಶುರುವಾಯಿತು. ಆ ಹೊತ್ತಿಗೆ ನಿರಾಪದ ಸಾಮಂತ ಆಟದ ಬಯಲಿನಿಂದ ಅರವತ್ತು ಹೆಜ್ಜೆ ದೂರದಲ್ಲಿ, ಟೆಂಟ್ ಎಂದೇ ಎಲ್ಲರೂ ಕರೆಯುವ ಸಂಘದ ಕಟ್ಟಡದಲ್ಲಿ, ಗೋಡೆ ಕಡೆ ಮುಖ ಮಾಡಿ ಬೆಂಚಿನ ಮೇಲೆ ಕೂತಿದ್ದರು.

ಆ ದಿನ ನಮಗೆ ಒಂದು ಅಂಕ ಸಾಕಿತ್ತು. ಡ್ರಾ ಆದರೆ ಸಂಘ ಫಸ್ಟ್ ಡಿವಿಷನ್‌ನಲ್ಲೇ ಉಳಿಯುತ್ತಿತ್ತು, ಸೋತರೆ ಕೆಳಗಿಳಿಯುತ್ತಿತ್ತು. ಕೆಳಗಿನ ಡಿವಿಷನ್‌ನ ಪಂದ್ಯಗಳು ನಡೆಯುವುದು ಹಗ್ಗ ಕಟ್ಟಿದ ಬಯಲುಗಳಲ್ಲಿ. ಅಲ್ಲಿ ಗ್ಯಾಲರಿ ಇರುವುದಿಲ್ಲ, ನೋಡುವವರು ನಿಂತೇ ನೋಡಬೇಕು.

ಅಣ್ಣ ಎಂಬರ್ಥದಲ್ಲಿ ‘ದಾ’ ಸೇರಿಸಿ ನಾವೆಲ್ಲ ಕರೆಯುವ ನಿರಾಪದದಾಗೆ ಎಪ್ಪತ್ತೊಂದು ವರ್ಷ. ಟ್ರಾಮ್ ಓಡಿಸಿ ನಿವೃತ್ತರಾದವರು. ಐವತ್ತೊಂದು ವರ್ಷದಿಂದ ಸಂಘದ ಸದಸ್ಯರು, ಸದಸ್ಯತ್ವದ ಕಾರ್ಡು ಸದಾ ಜೇಬಿನಲ್ಲೇ ಇರುತ್ತದೆ. ಆದರೂ ಆ ಸೀಸನ್ನಿನಲ್ಲಿ ಆಗಲೇ ಮುಗಿದಿದ್ದ ಹದಿಮೂರು ಪಂದ್ಯಗಳಲ್ಲಿ ಒಂದನ್ನೂ ಅವರು ನೋಡಿರಲಿಲ್ಲ. ಅವರನ್ನು ತಡೆದದ್ದು ಪೊಲೀಸರಲ್ಲ, ಸಮಿತಿಯೂ ಅಲ್ಲ. ಗ್ಯಾಲರಿಯೇ ತಡೆದಿತ್ತು.

ಸಂಘದ ಪಂದ್ಯಗಳ ದಾಖಲೆ ಬರೆಯುವವನು ನಾನು. ಹಾಗಾಗಿ ಲೆಕ್ಕ ಹೇಳಬಲ್ಲೆ. ಹಿಂದಿನ ಸೀಸನ್ನಿನಲ್ಲಿ ಆಡಿದ್ದು ಹದಿನಾಲ್ಕು ಪಂದ್ಯ. ನಿರಾಪದದಾ ಗ್ಯಾಲರಿಯಲ್ಲಿದ್ದ ಹನ್ನೆರಡರಲ್ಲಿ ಎಂಟು ಸೋಲು, ನಾಲ್ಕು ಡ್ರಾ. ಕಣ್ಣಿನ ಪೊರೆ ತೆಗೆಸಿಕೊಂಡು ಅವರು ಮನೆಯಲ್ಲಿದ್ದ ಎರಡು ಪಂದ್ಯಗಳನ್ನು ನಾವು ಗೆದ್ದೆವು. ಇನ್ನೊಂದು ಸಂಘ ಅನರ್ಹ ಆಟಗಾರನನ್ನು ಇಳಿಸಿ ಅಂಕ ಕಳೆದುಕೊಂಡಿದ್ದರಿಂದ ಆ ವರ್ಷ ಹೇಗೋ ಉಳಿದುಕೊಂಡೆವು.

ಈ ಲೆಕ್ಕವನ್ನು ಮೊದಲು ಬಾಯಿಬಿಟ್ಟು ಹೇಳಿದವನು ಗೋರಾಚಾಂದ್ ಪಾಂಜಾ. ಮಾಣಿಕ್‌ತಲಾದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾನೆ, ವಯಸ್ಸು ಐವತ್ತೆಂಟು. ಗ್ಯಾಲರಿಯ ಮೂರನೇ ಹಲಗೆಯಲ್ಲಿ ಇಪ್ಪತ್ತಾರು ವರ್ಷ ನಿರಾಪದದಾ ಪಕ್ಕದಲ್ಲೇ ಕೂತವನು.

"ನಿರಾಪದದಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕಾಲ್ಗುಣ ಸರಿ ಇಲ್ಲ," ಎಂದ.

ಜೂನ್ ಕೊನೆಯಲ್ಲಿ ಹೊಸ ಸೀಸನ್ ಶುರುವಾಗುವ ದಿನ ಎಲ್ಲರೆದುರಿಗೇ ಹೀಗೆ ಹೇಳಿದ್ದ. ಯಾರೂ ನಗಲಿಲ್ಲ. ನಿರಾಪದದಾ ಜಗಳವಾಡುತ್ತಾರೆ ಅಂದುಕೊಂಡಿದ್ದೆ. ಅವರು ಆಡಲಿಲ್ಲ. ಸ್ವಲ್ಪ ಹೊತ್ತು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ಟೆಂಟಿನ ಕಡೆ ನಡೆದುಬಿಟ್ಟರು. ಅದರಲ್ಲಿ ಅವರಿಗೂ ನಂಬಿಕೆ ಇತ್ತು.

ಅದೇ ವರ್ಷ ಕೋಚ್ ಕೂಡ ಬದಲಾಗಿದ್ದರು. ಹಿಂದಿನ ಕೋಚ್ ಸುಬಿಮಲ್ ಕುಂಡು ಚೆಂಡನ್ನು ನೆಲದ ಮೇಲೇ ಆಡಿಸುತ್ತಿದ್ದರು. ಸಣ್ಣ ಸಣ್ಣ ಪಾಸು, ಬಲದಿಂದ ಎಡಕ್ಕೆ, ಎಡದಿಂದ ಮತ್ತೆ ನಡುವಿಗೆ. ಇಪ್ಪತ್ತೊಂದು ಗೋಲು ಹೊಡೆದು ಮೂವತ್ತು ಗೋಲು ತಿಂದ ತಂಡ ಅದು. ಹೊಸ ಕೋಚ್ ಅಲೋಕೇಶ ಧರ ಒಂಬತ್ತು ಜನರನ್ನು ಹಿಂದೆ ನಿಲ್ಲಿಸಿ, ಚೆಂಡನ್ನು ಮುಂದಿನ ಒಬ್ಬ ಎತ್ತರದ ಹುಡುಗನ ತಲೆಗೆ ಒದೆಸುತ್ತಿದ್ದರು. ಹದಿಮೂರು ಪಂದ್ಯಕ್ಕೆ ಮೂರು ಗೆಲುವು, ಆರು ಡ್ರಾ, ನಾಲ್ಕು ಸೋಲು. ಹೊಡೆದದ್ದು ಐದು ಗೋಲು, ತಿಂದದ್ದು ಆರು. ಗ್ಯಾಲರಿಯಲ್ಲಿ ಜನ ಕಮ್ಮಿಯಾಗುತ್ತಾ ಬಂದರು. ಆಗಸ್ಟಿನ ಒಂದು ಪಂದ್ಯಕ್ಕೆ ನಾನು ಎಣಿಸಿದಾಗ ಎಂಬತ್ತೆಂಟು ಮಂದಿ ಇದ್ದರು.

ಪಂದ್ಯ ಮುಗಿದ ಮೇಲೆ ನಾನೂ ಗೋರಾನೂ ಟೆಂಟಿಗೆ ಹೋಗುತ್ತಿದ್ದೆವು. ಕ್ಯಾಂಟೀನ್ ನಡೆಸುವ, ನಮಗೆಲ್ಲ ಅತ್ತಿಗೆಯಂತಿದ್ದ ಮಿನೋತಿ ಬೌದಿ ಮೂರು ಲೋಟ ನಿಂಬೆ ಚಹಾ ತಂದಿಡುತ್ತಿದ್ದಳು. ಮಾತು ಯಾವಾಗಲೂ ಒಂದೇ ಕಡೆಯಿಂದ ಶುರುವಾಗುತ್ತಿತ್ತು.

"ಏನಾಯ್ತು?" ಎಂದು ಕೇಳುವವರು ನಿರಾಪದದಾ.

"ಸೊನ್ನೆ ಸೊನ್ನೆ. ಒಂದು ಪಾಯಿಂಟ್ ಬಂತು."

"ಪಾಯಿಂಟ್ ಬಿಡು. ಆಟ ಹೇಗಿತ್ತು?"

"ಪಾಯಿಂಟ್ ಬಂತು ಅಂದ್ನಲ್ಲ."

"ಗೋರಾ, ನಾನು ಇಲ್ಲಿ ಕೂತು ಎಲ್ಲಾ ಕೇಳಿಸ್ಕೊಂಡೆ. ಧಪ್ ಅಂತ ಒಂದು ಒದೆತ. ಆಮೇಲೆ ಏನೂ ಇಲ್ಲ. ಮತ್ತೆ ಧಪ್. ನಡುವೆ ಒಂದು ಪಾಸಿನ ಸದ್ದಿಲ್ಲ, ಯಾರೂ ಯಾರನ್ನೂ ಹೆಸರು ಹಿಡಿದು ಕರೆಯೋದಿಲ್ಲ. ಬಟ್ಟೆ ಒಗೆಯೋ ಕಲ್ಲಿನ ಹತ್ರ ಕೂತ ಹಾಗಾಗತ್ತೆ."

"ನೋಡದವರು ಆಟದ ಬಗ್ಗೆ ಮಾತಾಡಬಾರದು. ನಾನು ಕಣ್ಣಾರೆ ನೋಡಿದೀನಿ. ಹುಡುಗರು ಸಾಯೋ ಹಾಗೆ ಡಿಫೆನ್ಸ್ ಮಾಡಿದ್ರು."

"ನೋಡಬೇಡ ಅಂದವನು ನೀನೇ. ಈಗ ನೋಡಿಲ್ಲ ಅಂತ ಬಯ್ಯೋನೂ ನೀನೇ."

"ಹೋದ ವರ್ಷ ನೋಡಿದ್ರಲ್ಲ, ಸುಬಿಮಲ್‌ಬಾಬು ಆಟ. ಚೆಂದವಾಗಿತ್ತು. ಮನೆಗೆ ಹೋಗಿ ಅನ್ನ ಇಳಿಯಲಿಲ್ಲ ನಂಗೆ."

"ಸೋತಿದ್ದಕ್ಕೆ ಇಳಿಯಲಿಲ್ಲ. ನಂಗೆ ಈಗ ಗೆದ್ದ ದಿನವೂ ಇಳಿಯಲ್ಲ."

"ನೀವು ಗೆದ್ದ ದಿನ ಎರಡು ಪ್ಲೇಟ್ ಬಟಾಣಿ ಘುಗನಿ ತಿಂದ್ರಿ, ದಾದಾ," ಎಂದಳು ಮಿನೋತಿ ಬೌದಿ ಒಳಗಿನಿಂದ.

ಸೋತ ನಾಲ್ಕು ಪಂದ್ಯಗಳ ಬಗ್ಗೆಯೂ ನಿರಾಪದದಾ ಕೇಳುತ್ತಿದ್ದರು. ಆ ದಿನವೂ ತಾನು ಟೆಂಟಿನಲ್ಲೇ ಇದ್ದೆ, ಹಾಗಾದರೆ ಆ ಸೋಲು ಯಾರ ಕಾಲ್ಗುಣ? ಗೋರಾನ ಹತ್ತಿರ ಅದಕ್ಕೂ ಉತ್ತರವಿತ್ತು. ಒಂದು ದಿನ ಅವರು ಟೆಂಟಿನ ಬಾಗಿಲಿಗೆ ಬಂದು ನಿಂತಿದ್ದರು. ಇನ್ನೊಂದು ದಿನ ಬಯಲಿನ ಕಡೆ ಮುಖ ಮಾಡಿ ಕೂತಿದ್ದರು. ಗೋಡೆ ಕಡೆ ತಿರುಗಿ ಕೂರಲು ಶುರುಮಾಡಿದ್ದು ಅದಾದ ಮೇಲೆ. ಉಳಿದ ಎರಡು ಸೋಲುಗಳನ್ನು ಗೋರಾ ರೆಫರಿಯ ಖಾತೆಗೆ ಹಾಕಿದ.

ಇದೇ ಮಾತು ಹದಿಮೂರು ಸಲ ನಡೆಯಿತು. ಕೊನೆಕೊನೆಗೆ ಇಬ್ಬರ ದನಿಯಲ್ಲೂ ಕಸುವಿರಲಿಲ್ಲ. ಒಬ್ಬರು ಅರ್ಧ ಹೇಳಿದ್ದನ್ನು ಇನ್ನೊಬ್ಬರು ಪೂರ್ತಿ ಮಾಡಿ, ಚಹಾ ಕುಡಿದು, ಎಸ್‌ಪ್ಲನೇಡ್‌ವರೆಗೆ ಮಾತಿಲ್ಲದೆ ನಡೆದು ಬೇರೆ ಬೇರೆ ಬಸ್ಸು ಹತ್ತುತ್ತಿದ್ದರು.

ಕೊನೆಯ ಪಂದ್ಯದ ಹಿಂದಿನ ದಿನ, ಸೋಮವಾರ, ಬೆಳಗಿನ ಅಭ್ಯಾಸ ಮುಗಿಸಿ ಅಲೋಕೇಶ ಧರ ಟೆಂಟಿಗೆ ಬಂದರು. ಸ್ಟೂ ಮತ್ತು ಟೋಸ್ಟ್ ಹೇಳಿ ನಾನೂ ನಿರಾಪದದಾನೂ ಕೂತಿದ್ದ ಬೆಂಚಿನ ತುದಿಯಲ್ಲಿ ಕೂತರು. ನಲವತ್ತಾರರ ಮನುಷ್ಯ. ಎಡ ಮಂಡಿಗೆ ಪಟ್ಟಿ ಸುತ್ತಿತ್ತು.

"ಪಂದ್ಯದ ದಿನ ಇಲ್ಲಿ ಕೂರೋದು ನೀವೇನಾ?" ಎಂದು ನಿರಾಪದದಾ ಅವರನ್ನು ಕೇಳಿದರು.

"ನಾನೇ."

"ಹುಡುಗರು ಹೇಳ್ತಿದ್ರು."

"ನಿಮ್ಮ ತಂಡದ ಆಟ ಒಂದು ದಿನವೂ ನೋಡಿಲ್ಲ, ಅಲೋಕೇಶಬಾಬು. ಆದ್ರೆ ಕೇಳಿದೀನಿ. ಚೆನ್ನಾಗಿಲ್ಲ."

ನಾನು ಲೋಟದ ಕಡೆ ನೋಡಿದೆ. ಕೋಚ್ ಟೋಸ್ಟನ್ನು ಮುರಿದು ಸ್ಟೂನಲ್ಲಿ ಅದ್ದಿದರು.

"ಹೌದು, ಚೆನ್ನಾಗಿಲ್ಲ," ಎಂದರು. "ನಾನು ಹನ್ನೊಂದು ವರ್ಷ ಮಿಡ್‌ಫೀಲ್ಡ್‌ನಲ್ಲಿ ಆಡಿದವನು. ಪಾಸ್ ಮಾಡೋದು ಬಿಟ್ರೆ ನಂಗೆ ಬೇರೇನೂ ಬರ್ತಿರಲಿಲ್ಲ. ಈ ತಂಡದ ಆಟ ಬೇರೆಯವರು ಆಡಿಸಿದ್ರೆ ನಾನು ಅರ್ಧಕ್ಕೇ ಎದ್ದು ಹೋಗ್ತಿದ್ದೆ."

"ಮತ್ತೆ ಯಾಕೆ ಆಡಿಸ್ತೀರಿ?"

"ಸುಬಿಮಲ್‌ದಾ ಆಡಿಸಿದ್ದನ್ನೇ ಆಡಿಸೋದಾದ್ರೆ ಚೆಂಡು ಕಾಲಲ್ಲಿ ಹಿಡಿದು ನಿಲ್ಲಿಸೋರು ಐದು ಜನ ಬೇಕು. ನನ್ನ ಹತ್ರ ಒಬ್ಬ ಇದಾನೆ. ಹೆಂಬ್ರಮ್. ಅವನಿಗೆ ಹತ್ತೊಂಬತ್ತು. ಅವನು ಪಾಸ್ ಕೊಟ್ರೆ ವಾಪಸ್ ಕೊಡೋರು ಬೇಕಲ್ಲ. ಸೋಲೋದನ್ನ ಚೆಂದವಾಗಿ ಸೋಲಿ ಅಂತ ಹುಡುಗರಿಗೆ ಹೆಂಗೆ ಹೇಳಲಿ?"

ನಿರಾಪದದಾ ಜೇಬಿನ ಕಾರ್ಡನ್ನು ಮುಟ್ಟಿ ನೋಡಿಕೊಂಡರು.

"ನಾಳೆ ಬಂದು ನೋಡಿ," ಎಂದರು ಕೋಚ್. "ನನ್ನ ಕೈಲಿ ಆಗೋದು ಅಷ್ಟೇ ಅಂತ ನಿಮಗೂ ಗೊತ್ತಾಗತ್ತೆ."

"ನಾನು ಬಂದು, ನೀವು ಸೋತ್ರೆ?"

"ಸೋತ್ರೆ ಪೇಪರ್‌ನಲ್ಲಿ ನನ್ನ ಹೆಸರು ಹಾಕ್ತಾರೆ. ನಿಮ್ಮದಲ್ಲ."

"ಗ್ಯಾಲರಿಯಲ್ಲಿ ಹೇಳೋದು ನನ್ನ ಹೆಸರೇ," ಎಂದರು ನಿರಾಪದದಾ. ಕೋಚ್ ತಟ್ಟೆ ಖಾಲಿ ಮಾಡಿ, ಮಂಡಿ ಹಿಡಿದುಕೊಂಡು ಎದ್ದು ಹೋದರು.

ಮಂಗಳವಾರ ಎದುರಾಳಿ ಹೌರಾ ಅಗ್ರದೂತ. ಮೂರನೇ ಹಲಗೆಯಲ್ಲಿ ಗೋರಾ, ಅವನ ಪಕ್ಕದಲ್ಲಿ ನಾನು. ನಡುವೆ ಒಬ್ಬರು ಕೂರುವಷ್ಟು ಜಾಗ ಜೂನ್‌ನಿಂದಲೂ ಹಾಗೇ ಖಾಲಿ ಬಿದ್ದಿತ್ತು. ಮೊದಲರ್ಧ ಸೊನ್ನೆ ಸೊನ್ನೆ. ವಿರಾಮದಲ್ಲಿ ಗೋರಾ ಟೆಂಟಿಗೆ ಹೋಗಿ ಬಾಗಿಲಲ್ಲೇ ನಿಂತು ಹೇಳಿದ:

"ಎಲ್ಲಾ ಸರಿಯಾಗಿದೆ. ಏನೂ ಆಗ್ತಿಲ್ಲ. ನೀವು ಅಲ್ಲಾಡಬೇಡಿ."

ನಾಲ್ಕು ಗಂಟೆ ಇಪ್ಪತ್ತೊಂಬತ್ತು ನಿಮಿಷಕ್ಕೆ, ಆಟದ ಎಪ್ಪತ್ತೊಂದನೇ ನಿಮಿಷದಲ್ಲಿ, ನಿರಾಪದದಾ ಸದಸ್ಯರ ಗೇಟಿನಲ್ಲಿ ಕಾರ್ಡು ತೋರಿಸಿ ಒಳಗೆ ಬಂದರು. ಟೆಂಟಿನಿಂದ ಹೊರಡುವ ಮುಂಚಿನ ಸಂಗತಿಯನ್ನು ಮಿನೋತಿ ಬೌದಿ ಆಮೇಲೆ ತಿಳಿಸಿದಳು. ಅರ್ಧ ಗಂಟೆಯಿಂದ ಚಪ್ಪಲಿ ಹಾಕುವುದು, ತೆಗೆಯುವುದು ಮಾಡುತ್ತಿದ್ದರಂತೆ.

ಅವರು ಮೆಟ್ಟಿಲು ಹತ್ತುವಾಗ ಕೆಳಗಿನ ಹಲಗೆಯವರು ಕಾಲು ಮಡಚಿ ದಾರಿ ಕೊಟ್ಟರು. "ಇವತ್ತೇನಾ, ದಾದಾ?" ಎಂದು ಒಬ್ಬ ಮೆಲ್ಲಗೆ ಕೇಳಿದ. ಅವರು ಹತ್ತುತ್ತಲೇ ಹೋದರು. ಮೂರನೇ ಹಲಗೆಗೆ ಬಂದು ನಿಂತು ಗೋರಾನನ್ನು ನೋಡಿದರು.

ಗೋರಾ ಆಟಕ್ಕೆ ಬೆನ್ನು ಹಾಕಿ, ರಸ್ತೆಯಾಚೆಯ ಮರಗಳ ಕಡೆ ಮುಖ ಮಾಡಿ ಕೂತಿದ್ದ. ಎರಡೂ ಕೈಯಲ್ಲಿ ಹಲಗೆಯನ್ನು ಹಿಡಿದಿದ್ದ.

"ಗೋರಾ."

ಅವನು ದನಿ ಗುರುತಿಸಿದ. ತಿರುಗಲಿಲ್ಲ. "ಯಾಕೆ ಬಂದ್ರಿ?"

"ನೀನ್ಯಾಕೆ ಹಿಂಗೆ ಕೂತಿದೀಯ?"

"ಅರವತ್ತು ನಿಮಿಷ ಆದ್ಮೇಲೆ ನಾನು ನೋಡಲ್ಲ. ನೋಡೋಕಾಗಲ್ಲ."

"ಯಾವಾಗಿಂದ?"

"ಜುಲೈಯಿಂದ."

ನಿರಾಪದದಾ ನನ್ನ ಕಡೆ ನೋಡಿದರು. ನನಗೆ ಗೊತ್ತಿತ್ತು, ನಾನು ಹೇಳಿರಲಿಲ್ಲ. ಟೆಂಟಿನಲ್ಲಿ ಅವನು ಕಣ್ಣಾರೆ ನೋಡಿದೆ ಎನ್ನುತ್ತಿದ್ದ ಕೊನೆಯ ಅರ್ಧ ಗಂಟೆಯ ಆಟವನ್ನೆಲ್ಲ ಬೆನ್ನ ಹಿಂದಿನಿಂದ ಅವನಿಗೆ ಹೇಳುತ್ತಿದ್ದವನು ನಾನು.

"ಹಂಗಾದ್ರೆ ನಾನು ಮೂರು ತಿಂಗಳು ಯಾರ ಹತ್ರ ವಾದ ಮಾಡ್ತಿದ್ದೆ?" ಎಂದರು ನಿರಾಪದದಾ. ಕೋಪದಿಂದ ಕೇಳಲಿಲ್ಲ. ಉಸಿರು ಬಿಟ್ಟು, ನಮ್ಮ ನಡುವಿನ ಖಾಲಿ ಜಾಗದಲ್ಲಿ ಕೂತರು.

"ಈಗ ಎದ್ದು ಹೋಗಲಾ?"

"ಬೇಡ," ಎಂದ ಗೋರಾ. "ಬಂದಾಯ್ತು. ಮಧ್ಯದಲ್ಲಿ ಎದ್ದು ಹೋಗೋದು ಇನ್ನೂ ಕೆಟ್ಟದ್ದು. ಕೂತ ಜಾಗ ಬಿಡಬೇಡಿ. ಕಾಲ ಮೇಲೆ ಕಾಲು ಹಾಕಿದ್ರೆ ತೆಗೀರಿ."

ಅವರು ತೆಗೆದರು.

ನಿಮಿಷ ಎಪ್ಪತ್ತೈದು. ನಮ್ಮ ಬ್ಯಾಕ್ ಚೆಂಡನ್ನು ಎತ್ತಿ ಒದ್ದ. ಅದು ಎತ್ತರದ ಹುಡುಗನ ತಲೆ ದಾಟಿ ಎದುರಾಳಿಯ ಗೋಲ್‌ಕೀಪರ್ ಕೈಗೆ ಹೋಯಿತು. ಗೋಲ್‌ಕೀಪರ್ ವಾಪಸ್ ಒದ್ದ. ನಮ್ಮವರು ಮತ್ತೆ ಒದ್ದರು.

"ಏನಾಗ್ತಿದೆ?" ಎಂದು ಕೇಳಿದ ಗೋರಾ.

"ಏನೂ ಆಗ್ತಿಲ್ಲ."

"ಸರಿ."

ಎರಡು ನಿಮಿಷ ಬಿಟ್ಟು ಮತ್ತೆ ಕೇಳಿದ. ನಿರಾಪದದಾ ಮತ್ತೆ ಅದನ್ನೇ ಹೇಳಿದರು. ಹೆಂಬ್ರಮ್ ಒಮ್ಮೆ ಇಬ್ಬರನ್ನು ದಾಟಿದ, ಪಾಸಿಗಾಗಿ ತಲೆಯೆತ್ತಿದಾಗ ನಮ್ಮವರು ಯಾರೂ ಮುಂದಿರಲಿಲ್ಲ. ಅವನು ಚೆಂಡನ್ನು ಹಿಂದಕ್ಕೆ ಕಳಿಸಿದ. ನಿರಾಪದದಾ ಸ್ವಲ್ಪ ಮುಂದಕ್ಕೆ ಬಾಗಿದ್ದವರು ಮತ್ತೆ ಹಿಂದಕ್ಕೆ ಸರಿದು ಕೂತರು.

ಎಂಬತ್ತೆಂಟನೇ ನಿಮಿಷದಲ್ಲಿ ಅಗ್ರದೂತಕ್ಕೆ ಫ್ರೀಕಿಕ್ ಸಿಕ್ಕಿತು. ಚೆಂಡು ಗೋಡೆಯಂತೆ ನಿಂತ ನಮ್ಮವರ ಮೇಲಿನಿಂದ ಹಾದು ಗೋಲಿನ ಅಡ್ಡಪಟ್ಟಿಗೆ ಬಡಿಯಿತು. ಇಡೀ ಗ್ಯಾಲರಿ ಎದ್ದು ನಿಂತಿತು. ಗೋರಾ ಮಾತ್ರ ಕೂತೇ ಇದ್ದ.

"ಗೋಲಾ?"

"ಬಾರ್."

"ಯಾರದು?"

"ನಮ್ಮದು."

"ಚೆಂಡು ಎಲ್ಲಿದೆ?"

"ಹೊರಗೆ ಹೋಯ್ತು. ಉಸಿರಾಡು."

ಹೆಚ್ಚುವರಿ ನಾಲ್ಕು ನಿಮಿಷ ಕೊಟ್ಟರು. ಅದರ ಕೊನೆಯ ನಿಮಿಷದಲ್ಲಿ ಎಡ ಅಂಚಿನಲ್ಲಿ ಹೆಂಬ್ರಮ್‌ಗೆ ಚೆಂಡು ಸಿಕ್ಕಿತು. ಮುಂದೆ ಮೂವತ್ತು ಗಜ ಖಾಲಿ. ಒಬ್ಬನೇ ಬ್ಯಾಕ್, ಅವನೂ ಸುಸ್ತಾಗಿದ್ದ. ಓಡಿದ್ದರೆ ಗೋಲಾಗುತ್ತಿತ್ತೋ ಏನೋ. ಗೆರೆಯ ಹೊರಗಿನಿಂದ ಅಲೋಕೇಶ ಧರ ಹೊರಗೆ ಒದಿ ಎಂದು ಕೂಗಿದ್ದು ನಮಗೂ ಕೇಳಿಸಿತು. ಹುಡುಗ ಅವರ ಕಡೆ ಒಮ್ಮೆ ನೋಡಿ, ಚೆಂಡನ್ನು ಬೇಲಿಯಾಚೆ, ಕುದುರೆ ಪೊಲೀಸರು ನಿಂತಿದ್ದ ರಸ್ತೆಗೆ ಒದ್ದ. ಗ್ಯಾಲರಿ ಚಪ್ಪಾಳೆ ತಟ್ಟಿತು. ನಿರಾಪದದಾ ಕೂಡ ತಟ್ಟಿದರು, ಎರಡೇ ಸಲ. ಆಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

ನಾಲ್ಕು ಐವತ್ತೆರಡಕ್ಕೆ ರೆಫರಿ ಕೊನೆಯ ಸೀಟಿ ಊದಿದ. ಸೊನ್ನೆ ಸೊನ್ನೆ. ಸಂಘ ಉಳಿಯಿತು.

ಗೋರಾ ತಿರುಗಿ ಕೂತು, ಖಾಲಿಯಾಗುತ್ತಿದ್ದ ಬಯಲನ್ನು ನೋಡಿದ. ಮುಖ ಒರೆಸಿಕೊಂಡ. ಆಮೇಲೆ ಹೇಳಿದ:

"ನೀವು ಬರದೇ ಇದ್ದಿದ್ರೆ ಗೆಲ್ತಿದ್ವಿ."

"ಇರಬಹುದು."

"ಆಟ ಹೇಗಿತ್ತು, ಹೇಳಿ ಈಗ. ಮೂರು ತಿಂಗಳು ಬಯ್ದ್ರಲ್ಲ."

"ಕೇಳಿದ್ದಕ್ಕಿಂತ ಕೆಟ್ಟದಾಗಿತ್ತು."

"ಚಪ್ಪಾಳೆ ತಟ್ಟಿದ ಸದ್ದು ನನ್ನ ಕಿವಿಯ ಪಕ್ಕದಲ್ಲೇ ಬಂತು."

"ತಟ್ಟಿದೆ," ಎಂದರು ನಿರಾಪದದಾ. "ಬೇರೇನು ಮಾಡಲಿ? ಒಂದು ನಿಮಿಷ ಇತ್ತು."

ಮೂವರೂ ಇಳಿದು ಟೆಂಟಿಗೆ ಹೋದೆವು. ಕೋಚ್ ಬಾಗಿಲ ಬಳಿ ಮಂಡಿಗೆ ಐಸ್ ಕಟ್ಟಿಸಿಕೊಳ್ಳುತ್ತಾ ಕೂತಿದ್ದರು. ನಿರಾಪದದಾ ಅವರ ಮುಂದೆ ನಿಂತರು. ಏನೋ ಹೇಳುತ್ತಾರೆಂದು ಕೋಚ್ ತಲೆಯೆತ್ತಿದರು. ನಿರಾಪದದಾ ಅವರ ಭುಜ ಮುಟ್ಟಿ ಒಳಗೆ ಹೋದರು. ಆ ದಿನ ಚಹಾ ಕುಡಿಯುವಾಗ ಯಾರೂ ವಾದ ಮಾಡಲಿಲ್ಲ.

ನವೆಂಬರಿನಲ್ಲಿ ಅಲೋಕೇಶ ಧರ ಫಸ್ಟ್ ಡಿವಿಷನ್‌ಗಿಂತಲೂ ಮೇಲಿನ ಡಿವಿಷನ್‌ನ ಒಂದು ಸಂಘಕ್ಕೆ ಹೋದರು. ಸಮಿತಿ ಸುಬಿಮಲ್ ಕುಂಡು ಅವರನ್ನೇ ಮತ್ತೆ ಕರೆಸಿತು. ಮುಂದಿನ ಸೀಸನ್ನಿನ ಮೊದಲ ಪಂದ್ಯವನ್ನು ನಾವು ಮೂರು–ಎರಡರಿಂದ ಸೋತೆವು. ನಿರಾಪದದಾ ತೊಂಬತ್ತು ನಿಮಿಷವೂ ಮೂರನೇ ಹಲಗೆಯಲ್ಲಿ ಕೂತಿದ್ದರು. ಅವರನ್ನು ಏಳಿ ಎಂದು ಯಾರೂ ಹೇಳಲಿಲ್ಲ.